ಹೃದಯದ ಮಾತು: ಹಡೀಲು ಗದ್ದೆ, ಟ್ಯಾಬ್ ಮತ್ತು ಆಂಜಿಯೋಪ್ಲಾಸ್ಟಿ



ಉಪ್ಪು, ಎಣ್ಣೆ, ಕೊಲೆಸ್ಟ್ರಾಲ್ ಎಂದು ಇಷ್ಟು ವಾರ ನಿಮ್ಮ ತಲೆ ತಿಂದಾಯಿತು. ಈ ಸಲ ವಿಡಿಯೊ ಗೇಮ್ ಬಗ್ಗೆ ಬರೆಯುತ್ತಿದ್ದೇನೆ. ಮಕ್ಕಳ ಮೊಬೈಲ್ ಚಟದ ವಿಷಯ ಅಂದುಕೊಂಡು ಓದದೆಯೇ ಮೊಮ್ಮಕ್ಕಳಿಗೆ ಫಾರ್ವರ್ಡ್ ಮಾಡಬೇಡಿ. ಇದು ಐವತ್ತು, ಅರುವತ್ತು ದಾಟಿದವರಿಗೆ. ಮುಖ್ಯವಾಗಿ ಹೃದಯಾಘಾತ ಆಗಿ ಮನೆಯಲ್ಲಿ ಕುಳಿತವರಿಗೆ ಮತ್ತು ಅವರನ್ನು ನೋಡಿಕೊಳ್ಳುವವರಿಗೆ.

ಡೊಂಬಿವಲಿಯ ಒಬ್ಬರು ನನ್ನ ರೋಗಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಉಡುಪಿ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಸ್ವಂತ ಹೋಟೆಲಿನ ಗಲ್ಲೆಯಲ್ಲಿ ಕುಳಿತವರು. ಅರುವತ್ತಾರನೇ ವರ್ಷದಲ್ಲಿ ಎದೆನೋವು ಬಂತು, ಸ್ಟೆಂಟ್ ಹಾಕಿದೆವು. ಹೋಟೆಲನ್ನು ಮಗನಿಗೆ ವಹಿಸಿ ಮನೆಯಲ್ಲಿ ಕುಳಿತರು.

ಆರು ತಿಂಗಳ ನಂತರ ತಪಾಸಣೆಗೆ ಬಂದಾಗ ಎಕೋ ಚೆನ್ನಾಗಿತ್ತು, ಎಲ್‌ಡಿಎಲ್ ಇಳಿದಿತ್ತು, ಬಿಪಿ ಹಿಡಿತದಲ್ಲಿತ್ತು. ಫೈಲ್ ನೋಡಿದರೆ ಎಲ್ಲಾ ಸರಿ. ಅವರ ಹೆಂಡತಿ ಮಾತ್ರ ಬೇರೆಯೇ ಹೇಳಿದರು. "ಡಾಕ್ಟ್ರೇ, ಇವರಿಗೆ ಈಗ ಏನೂ ಬೇಡ. ಸಂಘದ ಕಾರ್ಯಕ್ರಮಕ್ಕೆ ಕರೆದರೆ ಬರುವುದಿಲ್ಲ. ಯಕ್ಷಗಾನ ಅಂದರೂ ಏಳುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್. ಮಾತೇ ಇಲ್ಲ."

ಇದನ್ನು ವಯಸ್ಸಾದವರ ಸ್ವಭಾವ ಎಂದು ಬಿಡುವ ಹಾಗಿಲ್ಲ. ಹೃದಯಾಘಾತ ಆದ ಐವರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುತ್ತದೆ. ಖಿನ್ನತೆ ಇದ್ದವರು ಮಾತ್ರೆ ತಪ್ಪಿಸುತ್ತಾರೆ, ನಡೆಯುವುದು ಬಿಡುತ್ತಾರೆ, ನಿದ್ದೆ ಕೆಡುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ, ಹೃದಯಾಘಾತದ ನಂತರದ ಖಿನ್ನತೆಯನ್ನು ಮುಂದಿನ ಅಪಾಯಕ್ಕೆ ಒಂದು ಕಾರಣವೆಂದು ಪರಿಗಣಿಸಬೇಕು ಎಂದು ಹೇಳಿದೆ. ಒಂಟಿತನದ ಕಥೆಯೂ ಹಾಗೆಯೇ. ಒಂಟಿತನ ಇರುವವರಲ್ಲಿ, ಜನಸಂಪರ್ಕ ಕಡಿಮೆ ಇರುವವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 29ರಷ್ಟು, ಪಾರ್ಶ್ವವಾಯು ಶೇ. 32ರಷ್ಟು ಹೆಚ್ಚು ಕಂಡುಬಂದಿದೆ ಎಂದು 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಬರೆದರು.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಎರಡು ಪ್ರಶ್ನೆ ಕೇಳಿ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಸಂತೋಷ ಇಲ್ಲ ಅನಿಸಿದೆಯೇ? ಮನಸ್ಸು ಕುಗ್ಗಿದೆ, ಮುಂದೆ ಏನೂ ಇಲ್ಲ ಅನಿಸಿದೆಯೇ? ಹೆಚ್ಚಿನ ದಿನ ಹಾಗೇ ಅನಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ. ನಾವು ಕೇಳಲು ಮರೆತರೆ ನೀವೇ ಹೇಳಿ. ನನ್ನ ರೋಗಿಯನ್ನು ಮನೋವೈದ್ಯರಲ್ಲಿಗೆ ಕಳುಹಿಸಿದೆ. ಅವರು ಔಷಧಿ ಕೊಟ್ಟರು, ಅದು ಅರ್ಧ ಕೆಲಸ ಮಾಡಿತು. ಇನ್ನರ್ಧವನ್ನು ನಾನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ದೀಪಾವಳಿ ರಜೆಯಲ್ಲಿ ಒಂಬತ್ತನೇ ಕ್ಲಾಸಿನ ಮೊಮ್ಮಗಳು ತನ್ನ ಟ್ಯಾಬಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟ ಆಡುತ್ತಿದ್ದಳು. ಅಜ್ಜ ಪಕ್ಕದಲ್ಲಿ ಕುಳಿತು ನೋಡಿದರು. ನೋಡಿ ನೋಡಿ ಕೊನೆಗೆ ಬಾಯಿ ಬಿಟ್ಟರು: "ಗೊಬ್ಬರ ಹಾಕದೆ ಬೀಜ ಬಿತ್ತಿದರೆ ಎಂಥ ಬೆಳೆ ಬರ್ತದೆ ಮಗಾ?" ಎಷ್ಟೋ ದಿನಗಳ ನಂತರ ಅವರಾಗಿ ಕೇಳಿದ ಪ್ರಶ್ನೆ ಅದು ಎಂದು ಮನೆಯವರು ಹೇಳುತ್ತಾರೆ.

ಈ ಜಾತಿಯ ಆಟಗಳನ್ನು ಲೈಫ್ ಸಿಮ್ಯುಲೇಶನ್ ಎನ್ನುತ್ತಾರೆ. ಸರಳವಾಗಿ ಹೇಳಿದರೆ, ಜೀವನ ನಡೆಸುವ ಆಟ. ಗುಂಡು ಹಾರಿಸಿ ಗೆಲ್ಲಬೇಕಿಲ್ಲ, ಎದುರಾಳಿ ಇಲ್ಲ, 'ಗೇಮ್ ಓವರ್' ಇಲ್ಲ. ಮನೆ ಕಟ್ಟುವುದು, ಗಿಡ ನೆಡುವುದು, ಅಕ್ಕಪಕ್ಕದವರನ್ನು ಮಾತಾಡಿಸುವುದು. 2000ನೇ ಇಸವಿಯಲ್ಲಿ ಬಂದ ದಿ ಸಿಮ್ಸ್ ಇವುಗಳಲ್ಲಿ ಬಹಳ ಪ್ರಸಿದ್ಧ. ಅದನ್ನು ಮಾಡಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಮತ್ತೆ ಒಂದೊಂದೇ ಸಾಮಾನು ಕೊಂಡು ಬದುಕು ಜೋಡಿಸಿಕೊಳ್ಳುವಾಗ ಆ ಆಟದ ಯೋಚನೆ ಬೆಳೆಯಿತಂತೆ.

ಬೇಸಾಯದ ಆಟದ ಕಥೆ ನಮಗೆ ಇನ್ನೂ ಹತ್ತಿರ. ಜಪಾನಿನ ಯಸುಹಿರೊ ವಾಡಾ ಕ್ಯೂಶು ದ್ವೀಪದ ಹಳ್ಳಿಗಾಡಿನಲ್ಲಿ ಬೆಳೆದು ಕೆಲಸಕ್ಕಾಗಿ ಟೋಕಿಯೊ ಸೇರಿದವರು. ಊರಿನಲ್ಲಿದ್ದಾಗ ಬೇಸರ ತರಿಸಿದ ಊರು, ದೊಡ್ಡ ಪೇಟೆಗೆ ಬಂದ ಮೇಲೆ ಬೆಲೆಯುಳ್ಳದ್ದಾಗಿ ಕಂಡಿತು. ಆ ನೆನಪಿನಲ್ಲಿ ಅವರು ಮಾಡಿದ ಹಾರ್ವೆಸ್ಟ್ ಮೂನ್ 1996ರಲ್ಲಿ ಬಂತು. ಅದನ್ನು ಚಿಕ್ಕಂದಿನಲ್ಲಿ ಆಡಿ ಮೆಚ್ಚಿದ ಅಮೆರಿಕದ ಎರಿಕ್ ಬರೋನ್, ಸುಮಾರು ನಾಲ್ಕೂವರೆ ವರ್ಷ ಒಬ್ಬರೇ ಕುಳಿತು ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಮಾಡಿ 2016ರ ಫೆಬ್ರವರಿಯಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಹೊರತಂದರು. ಆಂಡ್ರಾಯ್ಡ್ ಫೋನಿಗೆ ಬಂದದ್ದು 2019ರಲ್ಲಿ. ಎಲ್ಲಿಂದ ಎಲ್ಲಿಗೋ ಹೋದ ಈ ಆಟದ ಬೇರು, ಊರು ಬಿಟ್ಟು ಪೇಟೆ ಸೇರಿದ ಒಬ್ಬನ ಹಂಬಲದಲ್ಲಿದೆ. ಮತ್ಸ್ಯಗಂಧ ರೈಲಿನ ಟಿಕೆಟ್ ಬಹಳ ಮೊದಲೇ ಬುಕ್ ಮಾಡಿದವರಿಗೆ ಇದು ಹೊಸ ವಿಷಯವೇನಲ್ಲ!

ಆಟ ಶುರುವಾಗುವುದು ಸಾಯುವ ಹಾಸಿಗೆಯಲ್ಲಿರುವ ಒಬ್ಬ ಅಜ್ಜನಿಂದ. ಅವನು ಮೊಮ್ಮಗನಿಗೆ ಒಂದು ಮುಚ್ಚಿದ ಪತ್ರ ಕೊಡುತ್ತಾನೆ. ಮೊಮ್ಮಗ ದೊಡ್ಡ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಸುಸ್ತಾದ ಒಂದು ದಿನ ಅದನ್ನು ತೆರೆಯುತ್ತಾನೆ. ಅಜ್ಜ ತನ್ನ ಜಮೀನನ್ನು ಅವನಿಗೆ ಬಿಟ್ಟುಹೋಗಿದ್ದಾನೆ. ಹೋಗಿ ನೋಡಿದರೆ ಜಮೀನು ತುಂಬ ಕಳೆ, ಕಲ್ಲು, ಕೊಳೆತ ಮರದ ಬೊಡ್ಡೆ. ನಮ್ಮ ಕಡೆ ಇದಕ್ಕೆ ಒಂದೇ ಮಾತು: ಹಡೀಲು. ಉಡುಪಿಯಲ್ಲಿ 2021ರಲ್ಲಿ ಹಡೀಲು ಭೂಮಿಯನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನ ನಡೆದದ್ದು ನಿಮಗೆ ನೆನಪಿರಬಹುದು. ಅಲ್ಲಿ ಹಡೀಲು ಬಿದ್ದ ಎಷ್ಟೋ ಗದ್ದೆಗಳ ವಾರಸುದಾರರು ಇಲ್ಲಿ ಠಾಣೆ, ಕಲ್ಯಾಣ್, ಮೀರಾ ರೋಡ್ ಫ್ಲ್ಯಾಟುಗಳಲ್ಲಿದ್ದಾರೆ.

ನನ್ನ ರೋಗಿಯ ಮನೆಯದೂ ಅದೇ ಕಥೆ. 1974ರ ಭೂಸುಧಾರಣೆಯ ನಂತರ ಗೇಣಿಯ ಗದ್ದೆ ಸ್ವಂತದ್ದಾಯಿತು. ಆಗ ಇವರು ಮುಂಬಯಿಯಲ್ಲಿ ತಟ್ಟೆ ಎತ್ತುತ್ತಿದ್ದರು. ಅಣ್ಣ ಇರುವವರೆಗೆ ಬೇಸಾಯ ನಡೆಯಿತು, ಆಮೇಲೆ ಇಲ್ಲ. ಆಟದೊಳಗಿನ ಹಡೀಲು ನೋಡಿದ ಕೂಡಲೇ ಅವರಿಗೆ ಕೈ ಕಡಿಯಲು ಶುರುವಾಯಿತು. ಮೊಮ್ಮಗಳಿಂದ ಟ್ಯಾಬ್ ತೆಗೆದುಕೊಂಡು ಕತ್ತಿ, ಕೊಡಲಿ, ಗುದ್ದಲಿ ಯಾವ ಗುಂಡಿಯಲ್ಲಿದೆ ಎಂದು ಕೇಳಿಕೊಂಡರು. ಮೊದಲ ಬೆಳೆ ಪಾರ್ಸ್ನಿಪ್, ಕ್ಯಾರೆಟ್ ಜಾತಿಯ ಒಂದು ಗಡ್ಡೆ. ಹದಿನೈದು ಬೀಜ ಉಚಿತವಾಗಿ ಸಿಗುತ್ತದೆ, ನಾಲ್ಕು ದಿನಕ್ಕೆ ಬೆಳೆಯುತ್ತದೆ. "ನಾಲ್ಕು ದಿನಕ್ಕೆ ಬೆಳೆ! ಇದು ಹೋಟೆಲಿನ ಲೆಕ್ಕ, ಗದ್ದೆಯದ್ದಲ್ಲ" ಎಂದು ನಗುತ್ತಾ ನನಗೆ ಹೇಳಿದರು.

ಆಟದ ಎರಡನೇ ವರ್ಷದಿಂದ ಅಂಗಡಿಯಲ್ಲಿ ಭತ್ತದ ಸಸಿ ಸಿಗುತ್ತದೆ. ನೀರಿನ ಬದಿಯಲ್ಲಿ ನೆಟ್ಟರೆ ದಿನಾ ನೀರು ಹಾಕಬೇಕಿಲ್ಲ, ಬೆಳೆಯೂ ಬೇಗ ಬರುತ್ತದೆ. ಇವರು ಕೆರೆಯ ಬದಿಗೆ ಸಾಲಾಗಿ ನೆಟ್ಟು, ಮೊಮ್ಮಗಳಿಗೆ ಏಣೆಲು, ಸುಗ್ಗಿ, ಕೊಳಕೆ ಮೂರು ಬೆಳೆಗಳ ಪಾಠ ಮಾಡಿದರು. ಇಲ್ಲೊಂದು ತಮಾಷೆ ಇದೆ. ಈ ಆಟ ಕನ್ನಡದಲ್ಲಿ ಇಲ್ಲ, ಭಾರತದ ಯಾವ ಭಾಷೆಯಲ್ಲೂ ಇಲ್ಲ. ಅಜ್ಜನಿಗೆ ಇಂಗ್ಲಿಷ್ ಓದಲು ನಿಧಾನ, ಮೊಮ್ಮಗಳಿಗೆ ಕನ್ನಡ ಅಕ್ಷರ ಬಾರದು. ಹಾಗಾಗಿ ಪರದೆಯ ಮೇಲಿನ ಮಾತನ್ನು ಅವಳು ಓದಿ ತನಗೆ ಬರುವ ಅರ್ಧಂಬರ್ಧ ಕನ್ನಡದಲ್ಲಿ, ತುಳುವಿನಲ್ಲಿ ಹೇಳುತ್ತಾಳೆ. ಇವರು ತಿದ್ದುತ್ತಾರೆ. ಅವಳ ಬಾಯಿಯಲ್ಲಿ ಈಗ ನೇಜಿ, ಕಂಬಳ, ತುಪ್ಪೆ ಎಲ್ಲ ಬರುತ್ತದೆ. ಮನೆಯಲ್ಲಿ ನ್ಯೂಸ್ ಚಾನೆಲಿನ ಶಬ್ದ ಕಡಿಮೆಯಾಗಿದೆ ಎಂದು ಅಜ್ಜಿಗೆ ಅದೇ ದೊಡ್ಡ ಸಮಾಧಾನ.

ಮೂರನೇ ವರ್ಷದ ಆರಂಭಕ್ಕೆ ಸತ್ತ ಅಜ್ಜ ಆಟದೊಳಗೆ ಬಂದು, ಜಮೀನನ್ನು ಹೇಗೆ ನೋಡಿಕೊಂಡಿದ್ದೀ ಎಂದು ತೂಗಿ ನೋಡುತ್ತಾನೆ. ಹಿರಿಯರಿಗೆ ಎಡೆ ಬಡಿಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇನೆಂದು ನೋಡೋಣ ಎಂದು ನಾನೂ ನನ್ನ ಫೋನಿಗೆ ಹಾಕಿಕೊಂಡೆ. ಠಾಣೆಯಿಂದ ದಾದರಿಗೆ ಹೋಗುವಾಗ, ಸೀಟು ಸಿಕ್ಕಿದ ದಿನ ಮಾತ್ರ. ನಲವತ್ತು ದಾಟಿದ ನನಗೆ ಮೊದಲ ವಾರ ಬಹಳ ನಿಧಾನ ಅನಿಸಿತು. ನಂತರ ಆ ನಿಧಾನವೇ ಹಿಡಿಸಿತು. ನನ್ನ ಕೆಲಸದಲ್ಲಿ ಪ್ರತಿ ನಿರ್ಧಾರಕ್ಕೂ ಒಂದು ಭಾರ ಇರುತ್ತದೆ. ಇಲ್ಲಿ ಕೋಸು ನೀರಿಲ್ಲದೆ ನಿಂತರೆ ನಾಳೆ ಹಾಕಿದರಾಯಿತು. ಮೀನು ಹಿಡಿಯುವ ಭಾಗ ಮಾತ್ರ ನನಗೆ ಇಂದಿಗೂ ಕೂಡಿಬಂದಿಲ್ಲ, ಮೊಗವೀರ ಗೆಳೆಯರು ಕ್ಷಮಿಸಬೇಕು. ಗಣಿಯೊಳಗೆ ಇಳಿದು ಪ್ರಾಣಿಗಳ ಜೊತೆ ಹೊಡೆದಾಡುವ ಭಾಗವೂ ಇದೆ. ಬೇಡದವರು ಅತ್ತ ಹೋಗದೆ ತೋಟ ಮಾಡಿಕೊಂಡಿರಬಹುದು.

ಈಗ ವೈದ್ಯನಾಗಿ ಹೇಳಬೇಕಾದ ಮಾತು. ಈ ಆಟ ಆಡಿದರೆ ಬಿಪಿ ಇಳಿಯುತ್ತದೆ, ಬ್ಲಾಕೇಜ್ ಕರಗುತ್ತದೆ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅಳಿಸಿಬಿಡಿ. ಹೃದಯಾಘಾತವನ್ನು ತಡೆಯುವ ಆಟ ಯಾವುದೂ ಇಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ನೀವು ಎಷ್ಟು ಹೊತ್ತು ಆಡುತ್ತೀರಿ ಎಂದು ಜನರನ್ನು ಕೇಳಿ ನಂಬುವ ಬದಲು, ಆಟದ ಕಂಪನಿಗಳಿಂದಲೇ ನಿಜವಾದ ಸಮಯದ ಲೆಕ್ಕ ಪಡೆದರು. ಒಟ್ಟು 3,274 ಆಟಗಾರರು. ಅವರಲ್ಲಿ ಹೆಚ್ಚಿನವರು ಆಡಿದ್ದು ಅನಿಮಲ್ ಕ್ರಾಸಿಂಗ್ ಎಂಬ ಇದೇ ಜಾತಿಯ ಆಟ. ಹೆಚ್ಚು ಆಡಿದವರ ಮನಸ್ಸು ಸ್ವಲ್ಪ ಹೆಚ್ಚು ನೆಮ್ಮದಿಯಿಂದಿತ್ತು. ಹಾಗೆಂದು ಆಟದಿಂದಲೇ ನೆಮ್ಮದಿ ಬಂತು ಎಂದು ಹೇಳಲಾಗದು. ನೆಮ್ಮದಿ ಇದ್ದವರೇ ಹೆಚ್ಚು ಆಡಿರಬಹುದು. ಅದೇ ತಂಡ 2022ರಲ್ಲಿ ಏಳು ಆಟಗಳ ಸುಮಾರು 39,000 ಜನರನ್ನು ಕೆಲವು ವಾರ ಹಿಂಬಾಲಿಸಿತು. ಆಡಿದ ಗಂಟೆಗಳಿಂದ ನೆಮ್ಮದಿ ಏರಲೂ ಇಲ್ಲ, ಇಳಿಯಲೂ ಇಲ್ಲ ಎನ್ನುವಷ್ಟು ಕಡಿಮೆ ವ್ಯತ್ಯಾಸ. ಏಕೆ ಆಡುತ್ತಾರೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಇಷ್ಟಪಟ್ಟು ಆಡುವವರು ಚೆನ್ನಾಗಿದ್ದರು. ಆಡದೆ ಇರಲಾಗದು ಎಂಬ ಒತ್ತಡದಲ್ಲಿ ಆಡುವವರು ಅಷ್ಟು ಚೆನ್ನಾಗಿರಲಿಲ್ಲ.

ಹಾಗಾಗಿ ನನ್ನ ರೋಗಿಗೆ ಒಳ್ಳೆಯದಾದದ್ದು ಪಾರ್ಸ್ನಿಪ್‌ನಿಂದಲ್ಲ. ಮನೋವೈದ್ಯರ ಔಷಧಿ, ಹೆಂಡತಿಯ ತಾಳ್ಮೆ, ಪಕ್ಕದಲ್ಲಿ ಕುಳಿತ ಮೊಮ್ಮಗಳು ಎಲ್ಲವೂ ಸೇರಿದೆ. ಆದರೆ ಒಂದು ವಿಷಯದಲ್ಲಿ ಆಸಕ್ತಿ ಮರಳಿದರೆ ಅದನ್ನು ಹಿಡಿದು ಉಳಿದವುಗಳೂ ಬರುತ್ತವೆ. ಇದನ್ನು ಕ್ಲಿನಿಕ್ಕಿನಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಒಬ್ಬರಿಗೆ ಭಜನೆ, ಇನ್ನೊಬ್ಬರಿಗೆ ಬಾಲ್ಕನಿಯ ತುಳಸಿ, ಇವರಿಗೆ ಇದು. 'ದೊಡ್ಡವರು ಆಟ ಆಡುವುದೆಂದರೆ ದಂಡ' ಎಂದು ಸೊಸೆಯೋ ಮಗನೋ ನಗಬೇಡಿ. ಹದಿನಾಲ್ಕಕ್ಕೆ ದುಡಿಯಲು ಹೊರಟವರು ಆಡಿದ್ದು ಎಷ್ಟು?

ಮೂರು ತಿಂಗಳು ಕಳೆಯಿತು. ಅವರ ಬಿಪಿ ಏರಿತು.

ಮಾತ್ರೆ ತಪ್ಪಿರಲಿಲ್ಲ, ಉಪ್ಪು ಹೆಚ್ಚಿರಲಿಲ್ಲ. 24 ಗಂಟೆ ಬಿಪಿ ಅಳೆಯುವ ಪಟ್ಟಿ ಕಟ್ಟಿದೆವು. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ಬಿಪಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯಬೇಕು. ಹೃದಯಕ್ಕೂ ರಕ್ತನಾಳಗಳಿಗೂ ಅದೇ ವಿಶ್ರಾಂತಿ. ಇವರದ್ದು ರಾತ್ರಿ ಒಂದೂವರೆವರೆಗೆ ಇಳಿದೇ ಇರಲಿಲ್ಲ. ಕೇಳಿದಾಗ ಒಪ್ಪಿಕೊಂಡರು: "ಕೋಳಿಗೆ ಮೇವು ಹಾಕಿ ಮಲಗ್ತೇನೆ ಅಂತ ಇರ್ತೇನೆ ಡಾಕ್ಟ್ರೇ. ಅಷ್ಟರಲ್ಲಿ ಅಲ್ಲಿ ಬೆಳಗಾಗ್ತದೆ."

ಆಟದ ಕಟ್ಟುವಿಕೆಯಲ್ಲೇ ಈ ಸಿಕ್ಕು ಇದೆ. ಅದರೊಳಗಿನ ಒಂದು ದಿನ ನಮ್ಮ ಸುಮಾರು 14 ನಿಮಿಷ. ನಿಮ್ಮ ರೈತ ಮಲಗಿದ ಕೂಡಲೇ ಆ ದಿನದ ಲೆಕ್ಕ ಬರುತ್ತದೆ, ಹಿಂದೆಯೇ ಹೊಸ ಬೆಳಗು. ಯಾವ ಗಿಡ ಮೊಳಕೆ ಒಡೆದಿದೆ, ಅಂಚೆಯಲ್ಲಿ ಏನು ಬಂದಿದೆ ಎಂದು ನೋಡದೆ ಇರಲು ಮನಸ್ಸಾಗುವುದಿಲ್ಲ. 'ಇನ್ನೊಂದೇ ದಿನ' ಎಂದು ಹತ್ತು ದಿನ ಕಳೆದರೆ ಇಲ್ಲಿ ಎರಡೂ ಕಾಲು ಗಂಟೆ ಹೋಗಿರುತ್ತದೆ. ಆಶ್ಚರ್ಯವೆಂದರೆ ಆ ರೈತನಿಗೆ ನಿದ್ದೆಯ ನಿಯಮ ಬಹಳ ಕಟ್ಟುನಿಟ್ಟು. ಮಧ್ಯರಾತ್ರಿ ದಾಟಿ ಮಲಗಿದರೆ ಮರುದಿನ ಅವನ ಶಕ್ತಿ ಕಡಿಮೆ. ಎರಡು ಗಂಟೆಯಾದರೆ ನಿಂತಲ್ಲೇ ಬೀಳುತ್ತಾನೆ, ಜೇಬಿನ ದುಡ್ಡೂ ಸ್ವಲ್ಪ ಹೋಗುತ್ತದೆ. ಈ ನಿಯಮವನ್ನು ಯಾರೋ ಹೃದ್ರೋಗ ತಜ್ಞರೇ ಬರೆದಿರಬೇಕು! "ಅವನಿಗೆ ಇರುವ ನಿಯಮ ನಿಮಗೂ ಇರಲಿ" ಎಂದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಹೃದಯದ ಆರೋಗ್ಯದ ಮುಖ್ಯ ಎಂಟು ಅಂಶಗಳಲ್ಲಿ ನಿದ್ದೆಯನ್ನೂ ಸೇರಿಸಿದೆ. ದೊಡ್ಡವರಿಗೆ 7ರಿಂದ 9 ಗಂಟೆ ಬೇಕು.

ನಾವು ಮಾಡಿಕೊಂಡ ಒಪ್ಪಂದ ಇದು. ರಾತ್ರಿ ಊಟದ ನಂತರ ಟ್ಯಾಬ್ ಮೊಮ್ಮಗಳ ಶಾಲೆಯ ಬ್ಯಾಗಿನಲ್ಲಿ. ಸಂಜೆ ಆಡುವಾಗ ಆಟದ ಎರಡು ದಿನ ಮುಗಿದರೆ, ಅಂದರೆ ಹತ್ತಿರ ಹತ್ತಿರ ಅರ್ಧ ಗಂಟೆಗೆ, ಎದ್ದು ಮನೆಯೊಳಗೇ ಐದು ನಿಮಿಷ ಓಡಾಡಬೇಕು. ಗಲ್ಲೆಯಲ್ಲಿ ಮೂವತ್ತು ವರ್ಷ ಕುಳಿತವರು ಮತ್ತೆ ಸೋಫಾದಲ್ಲಿ ಕುಳಿತರೆ ಸ್ಟೆಂಟ್ ಹಾಕಿ ಏನು ಬಂತು? ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಆಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಅದು. ಅವರಿಗೆ ಬೆಳಿಗ್ಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದು ಬರೆದುಕೊಟ್ಟೆ. ನಡೆದು ಬಂದರೆ ಮಾತ್ರ ಆ ದಿನ ಟ್ಯಾಬ್. ಈ ಶರತ್ತು ಅಜ್ಜಿಯದ್ದು, ನನ್ನದಲ್ಲ. ಎರಡು ತಿಂಗಳಲ್ಲಿ ಬಿಪಿ ಮೊದಲಿನ ಜಾಗಕ್ಕೆ ಬಂತು, ಮಾತ್ರೆ ಹೆಚ್ಚಿಸಬೇಕಾಗಲಿಲ್ಲ. ಎಲ್ಲರಿಗೂ ಇಷ್ಟು ಸುಲಭವಾಗಿ ಆಗುತ್ತದೆ ಎಂದಲ್ಲ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಕಡಿಮೆ ಮಾಡಬೇಡಿ.

ಆಟ ಆರಿಸುವಾಗ ಒಂದು ಎಚ್ಚರಿಕೆ. ಫೇಸ್‌ಬುಕ್ಕಿನಲ್ಲಿ 2009ರಲ್ಲಿ ಬಂದು 2020ರ ಕೊನೆಯ ದಿನ ಮುಚ್ಚಿದ ಫಾರ್ಮ್‌ವಿಲ್ ನಿಮ್ಮಲ್ಲಿ ಹಲವರು ಆಡಿರುತ್ತೀರಿ. ಅದರಲ್ಲಿ ಗಡಿಯಾರ ನಿಜವಾಗಿ ಓಡುತ್ತಿತ್ತು. ಸಮಯಕ್ಕೆ ಹೋಗಿ ಕೊಯ್ಯದಿದ್ದರೆ ಬೆಳೆ ಒಣಗುತ್ತಿತ್ತು. ರಾತ್ರಿ ಅಲಾರಂ ಇಟ್ಟು ಏಳುವುದು, ಕಾಯುವ ಸಮಯ ತಪ್ಪಿಸಲು ದುಡ್ಡು ಕಟ್ಟುವುದು ಅಲ್ಲಿಂದಲೇ ರೂಢಿಯಾಯಿತು. ಇಂದಿಗೂ 'ಉಚಿತ' ಎಂದು ಬರುವ ಎಷ್ಟೋ ಬೇಸಾಯದ ಆಟಗಳು ಹೀಗೆಯೇ ನಡೆಯುತ್ತವೆ. ಹತ್ತು ನಿಮಿಷಕ್ಕೊಮ್ಮೆ ಫೋನ್ ಟಿಂಗ್ ಎನ್ನುತ್ತದೆ. ಸ್ಟಾರ್‌ಡ್ಯೂ ಥರದ ಆಟವನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಮುಗಿಯಿತು. ಮುಚ್ಚಿಟ್ಟರೆ ಅದರೊಳಗಿನ ಕಾಲವೂ ನಿಲ್ಲುತ್ತದೆ, ಹದಿನೈದು ದಿನ ಊರಿಗೆ ಹೋಗಿ ಬಂದರೂ ಕೋಳಿ ಸಾಯುವುದಿಲ್ಲ. ಹಿರಿಯರ ಫೋನಿನಲ್ಲಿ ಪಾವತಿಗೆ ಪಿನ್ ಇದೆಯೇ ನೋಡಿ. ಹಣ ಕಟ್ಟಿ ಹಣ ಗೆಲ್ಲುವ ಆಟಗಳಂತೂ ಬೇರೆಯೇ ಲೋಕ, ಅತ್ತ ತಲೆ ಹಾಕಬೇಡಿ.

ಆಟದ ಮೇಲೆ ಹಿಡಿತ ತಪ್ಪಿ, ಊಟ, ನಿದ್ದೆ, ಕೆಲಸ, ಮನೆಯವರು ಎಲ್ಲ ಹಿಂದೆ ಬಿದ್ದು, ತೊಂದರೆ ಕಂಡರೂ ಬಿಡಲಾಗದೆ ಸಾಮಾನ್ಯವಾಗಿ ಒಂದು ವರ್ಷ ಹಾಗೇ ನಡೆದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಅದು ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಕ್ಲಿನಿಕ್ 2014ರಿಂದ ಇದೆ. ಮುಂಬಯಿಯಲ್ಲಿರುವವರು ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಮನೋವೈದ್ಯ ವಿಭಾಗಕ್ಕೆ ಹೋಗಬಹುದು.

ಇನ್ನೊಂದು ಮಾತು, ಇದು ಮೊಮ್ಮಕ್ಕಳ ಬಗ್ಗೆ. ರೋಮಾಂಚನದ ಆಟ ಆಡುವಾಗ ಮಗು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿದರೆ 'ಮೊಬೈಲ್ ನೋಡಿ ತಲೆ ತಿರುಗಿತು' ಎಂದು ಬಿಡಬೇಡಿ. ಹುಟ್ಟಿನಿಂದಲೇ ಹೃದಯದ ಬಡಿತದ ದೋಷ ಅಡಗಿರುವ ಕೆಲವೇ ಮಕ್ಕಳಲ್ಲಿ ಉದ್ವೇಗದ ಕ್ಷಣದಲ್ಲಿ ಬಡಿತ ಹದ ತಪ್ಪುತ್ತದೆ. ಇಂಥ 22 ಮಕ್ಕಳ ವಿವರವನ್ನು ಆಸ್ಟ್ರೇಲಿಯಾದ ವೈದ್ಯರ ನೇತೃತ್ವದ ತಂಡ 2022ರಲ್ಲಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಆಡುತ್ತಿದ್ದದ್ದು ಹಲವರು ಸೇರಿ ಆಡುವ ಯುದ್ಧದ ಆಟ. ಇದು ಬಹಳ ಅಪರೂಪ, ಗಾಬರಿ ಬೇಡ. ಆದರೆ ಹಾಗೆ ಬಿದ್ದ ಮಗುವಿಗೆ ಇಸಿಜಿ ಆಗಲೇಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಸತ್ತವರಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಕೊನೆಯದಾಗಿ, ಈ ಗುಂಪಿನಲ್ಲಿ ಎದೆನೋವಿನ ಪ್ರಶ್ನೆಗಳು ರಾತ್ರಿ ಹನ್ನೊಂದರ ಮೇಲೂ ಬರುತ್ತಿವೆ. ಆಟ ಆಡುತ್ತಿರಲಿ, ಟಿವಿ ನೋಡುತ್ತಿರಲಿ, ಎದೆ ಹಿಡಿದಂತಾಗಿ, ಬೆವರಿ, ನೋವು ಎಡಗೈಗೋ ದವಡೆಗೋ ಹರಿದರೆ ನನಗೆ ಮೆಸೇಜ್ ಹಾಕಿ ಉತ್ತರಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಯಾರನ್ನಾದರೂ ಜೊತೆಗೆ ಕರೆದುಕೊಂಡು ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಹಳೆಯ ರಿಪೋರ್ಟುಗಳ ಫೋಟೊ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ.